ಹಿಲ್ಸ್‌ಬರೋ ಎಂಬ 30 ಬೈಟು

ನ್ಯೂಜೆರ್ಸಿಯ ಸಾಮರ್‌ಸೆಟ್ ಕೌಂಟಿಯಲ್ಲಿರುವ ಹಿಲ್ಸ್‌ಬರೋದ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ 12 ಬೈಟು. ಕನ್ನಡದಲ್ಲಾದರೆ 30. ನಮ್ಮ ಕಣ್ಣಿಗೆ ಬೀಳುವುದು ಹಿ, ಲ್ಸ್, ಬ, ರೋ ಎಂಬ ನಾಲ್ಕೇ. ಕಂಪ್ಯೂಟರಿಗೆ ಮಾತ್ರ ಹ, ಅದರ ಗುಣಿತ, ಲ, ಹಲಂತ, ಸ, ಇನ್ನೊಂದು ಹಲಂತ, ಬ, ರ, ಓಕಾರ ಎಲ್ಲವೂ ಬೇರೆ ಬೇರೆ ಸಂಕೇತ. ಜೊತೆಗೆ ಸ್ ಮತ್ತು ಬ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿದೆ. ಬ ಹೋಗಿ ಒತ್ತಕ್ಷರವಾಗದಂತೆ ತಡೆಯುವುದಷ್ಟೇ ಅದರ ಕೆಲಸ. ಒಟ್ಟು 10 ಸಂಕೇತ, ಒಂದೊಂದಕ್ಕೂ 3 ಬೈಟು.

ಈ ಲೆಕ್ಕ ಹುಟ್ಟಿದ್ದೂ ನ್ಯೂಜೆರ್ಸಿಯಲ್ಲೇ. ಹಿಲ್ಸ್‌ಬರೋದ ಈಶಾನ್ಯಕ್ಕೆ, ಮರ್ರೆ ಹಿಲ್‌ನಲ್ಲಿ ಬೆಲ್ ಲ್ಯಾಬ್ಸ್ ಇದೆ. ಅಲ್ಲಿದ್ದ ಕೆನ್ ಥಾಂಪ್ಸನ್ 1992ರ ಸೆಪ್ಟೆಂಬರಿನ ಒಂದು ರಾತ್ರಿ ಹೋಟೆಲಿನಲ್ಲಿ, ಸಹೋದ್ಯೋಗಿ ರಾಬ್ ಪೈಕ್ ನೋಡುತ್ತಿದ್ದಂತೆ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಈ ಲೆಕ್ಕದ ಹಿಂದಿರುವ ಯುಟಿಎಫ್-8 ಎಂಬ ಸಂಕೇತಪದ್ಧತಿಯ ವಿನ್ಯಾಸವನ್ನು ಗೀಚಿದರು. ಕೆಲವೇ ದಿನಗಳಲ್ಲಿ ಅವರ ಪ್ಲ್ಯಾನ್ 9 ಕಾರ್ಯಾಚರಣ ವ್ಯವಸ್ಥೆ ಅದರಲ್ಲೇ ಓಡತೊಡಗಿತು. ನಿಯಮ ಬಲು ಸುಂದರ. ಅಕ್ಷರಕ್ಕೆ ಒಂದಕ್ಕಿಂತ ಹೆಚ್ಚು ಬೈಟು ಬೇಕಾದಾಗ, ಎಷ್ಟು ಬೈಟು ಇವೆಯೋ ಅಷ್ಟು 1ಗಳಿಂದ ಮೊದಲನೆಯದು ಶುರುವಾಗುತ್ತದೆ. ಹಿಂಬಾಲಿಸುವವೆಲ್ಲ 10 ಎಂದು ಶುರುವಾಗುತ್ತವೆ. ಹರಿವಿನ ನಡುವೆ ಎಲ್ಲಿ ಕೈ ಹಾಕಿದರೂ ಮುಂದಿನ ಅಕ್ಷರದ ತಲೆ ಸಿಕ್ಕೇ ಸಿಗುತ್ತದೆ. ಇಂಗ್ಲಿಷ್ ಅಕ್ಷರಗಳಿಗಂತೂ ಹಳೆಯ ಆಸ್ಕಿಯ ಒಂದೇ ಬೈಟು, ಒಂದಿಷ್ಟೂ ಬದಲಾವಣೆಯಿಲ್ಲದೆ.

ಇದರಿಂದಾಗಿ ಹಳೆಯ ತಂತ್ರಾಂಶಗಳು ಕೆಡದೆ ಉಳಿದವು, ಜಗತ್ತು ಯುಟಿಎಫ್-8 ಅನ್ನು ಒಪ್ಪಿಕೊಂಡಿತು. ತಂತ್ರಾಂಶ ಪರೀಕ್ಷಕರು ಮೋಸಹೋಗುವುದೂ ಇದರಿಂದಲೇ. ಆಸ್ಪತ್ರೆಯ ನೋಂದಣಿಯೋ ಪಾರ್ಸೆಲ್ ವಿಳಾಸವೋ ವೆಬ್ ಸರ್ವೀಸ್ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಸ್ವಯಂಚಾಲಿತ ಪರೀಕ್ಷೆಯು ಒಂದು ವಿಳಾಸ ಕಳುಹಿಸಿ, ಮರಳಿ ತರಿಸಿಕೊಂಡು, ಎರಡನ್ನೂ ಹೋಲಿಸುತ್ತದೆ. ಕಳುಹಿಸಿದ್ದು ಬರೀ ಇಂಗ್ಲಿಷಾದರೆ ಆಸ್ಕಿ, ವಿಂಡೋಸ್-1252, ಯುಟಿಎಫ್-8 ಎಂಬ ಮೂರೂ ಸಂಕೇತಪದ್ಧತಿಗಳಲ್ಲಿ ಬೈಟುಗಳು ಒಂದೇ. ನಡುವೆ ಯಾರಾದರೂ ಇವುಗಳಲ್ಲಿ ಒಂದನ್ನು ಇನ್ನೊಂದೆಂದು ತಪ್ಪಾಗಿ ಓದಿದರೂ ಪರೀಕ್ಷೆ ಪಾಸು! ಅಂಥ ಪರೀಕ್ಷೆ ಸಂಕೇತಪದ್ಧತಿಯ ವಿಷಯದಲ್ಲಿ ಏನನ್ನೂ ಪರೀಕ್ಷಿಸಿಲ್ಲ ಎಂದೇ ನಾನು ಹೇಳುತ್ತೇನೆ.

ಅದೇ ಜಾಗಕ್ಕೆ ಕನ್ನಡದ ಹಿಲ್ಸ್‌ಬರೋ ಹಾಕಿ ನೋಡಿ. ವಿಂಡೋಸ್-1252 ಎಂದು ಓದುವ ಕೊಂಡಿಯೊಂದು ನಡುವೆ ಇದ್ದರೆ ಪ್ರತಿ ಸಂಕೇತವೂ ಮೂರು ತುಂಡಾಗಿ, ತಲೆಯ ಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳು ಸಾಲುಗಟ್ಟುತ್ತವೆ. ಹಳೆಯ ಇಮೇಲ್‌ಗಳಲ್ಲಿ ಕನ್ನಡಿಗರು ಇದನ್ನು ಸಾಕಷ್ಟು ಕಂಡಿದ್ದಾರೆ. ಊರಿನ ಹೆಸರಿಗೆ 20 ಬೈಟು ಮಾತ್ರ ಇಟ್ಟ ಡೇಟಾಬೇಸಿನಲ್ಲಿ ‘ಹಿಲ್ಸ್’ 18 ಬೈಟಿಗೆ ಮುಗಿಯುತ್ತದೆ. ಉಳಿದ 2 ಬೈಟು ಆ ಕಾಣದ ಸಂಕೇತದ ಮುರುಕು. ತೆರೆಯ ಮೇಲೆ ಅದು ಕಪ್ಪು ವಜ್ರದೊಳಗಿನ ಪ್ರಶ್ನೆಚಿಹ್ನೆಯಾಗಿ ಬರಬಹುದು. ವೆಬ್ ವಿಳಾಸದಲ್ಲಿ ಪ್ರತಿ ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿಯಾಗುವುದರಿಂದ ಹೆಸರು 90 ಚಿಹ್ನೆಗಳಷ್ಟು ಉದ್ದವಾಗುತ್ತದೆ. ಪರೀಕ್ಷಾ ಉಪಕರಣ ಒಮ್ಮೆ, ಅದು ಬಳಸುವ ಲೈಬ್ರರಿ ಇನ್ನೊಮ್ಮೆ ಈ ಪರಿವರ್ತನೆ ಮಾಡಿದರೆ ಶೇಕಡಾ ಚಿಹ್ನೆಯೇ ಮತ್ತೆ ಪರಿವರ್ತನೆಗೊಂಡು 150 ಆಗುತ್ತದೆ.

ಇವೆಲ್ಲ ಕಣ್ಣಿಗೆ ರಾಚುವ ತಪ್ಪುಗಳು. ನನ್ನನ್ನು ಹೆಚ್ಚು ಕಾಡುವುದು ಮೆತ್ತಗೆ ನುಸುಳುವಂಥವು. ‘ಅನಗತ್ಯ’ ಸಂಕೇತಗಳನ್ನು ತೆಗೆಯುವ ಶುದ್ಧೀಕರಣವೊಂದು ಆ ಕಾಣದ ಸಂಕೇತವನ್ನು ಕಿತ್ತುಹಾಕಿದರೆ ಸ, ಬ ಎರಡೂ ಲಕಾರದ ಒತ್ತುಗಳಾಗಿ ‘ಹಿಲ್ಸ್ಬರೋ’ ಎಂದಾಗುತ್ತದೆ. ಓದುವವರಿಗೆ ತೊಡಕು, ಹುಡುಕಿದರೆ ಸಿಗದು, ಆದರೆ ತಂತ್ರಾಂಶ ಎಲ್ಲಿಯೂ ತಪ್ಪು ತೋರಿಸದು. ಇದಕ್ಕೆ ತದ್ವಿರುದ್ಧವಾದದ್ದೂ ಉಂಟು. ಕೊನೆಯ ಓಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು; ಎರಡನೆಯ ರೀತಿಯಲ್ಲಿ ಇಡೀ ಹೆಸರಿಗೆ 36 ಬೈಟು. ಎರಡೂ ಸರಿ, ತೆರೆಯ ಮೇಲೆ ಎರಡೂ ಒಂದೇ. ಬೈಟಿಗೆ ಬೈಟು ಹೋಲಿಸುವ ಪರೀಕ್ಷೆ ಮಾತ್ರ ಫೇಲು ಎನ್ನುತ್ತದೆ.

ಹಾಗಾಗಿ ಎರಡು ಹಂತದ ಹೋಲಿಕೆ ಬೇಕು. ಮೊದಲು ಬೈಟುಗಳನ್ನು ಇದ್ದಂತೆಯೇ ಹೋಲಿಸಬೇಕು. ಬೇರೆಯಾದರೆ ಎರಡನ್ನೂ ಎನ್‌ಎಫ್‌ಸಿ ಎಂಬ ಯುನಿಕೋಡ್ ಪ್ರಮಾಣರೂಪಕ್ಕೆ ತಂದು ಮತ್ತೆ ಹೋಲಿಸಬೇಕು. ಓಕಾರದ ಭೇದ ಇಲ್ಲಿ ಅಳಿಯುತ್ತದೆ. ಎನ್‌ಎಫ್‌ಸಿ ಆ ಕಾಣದ ಸಂಕೇತವನ್ನು ಮುಟ್ಟುವುದಿಲ್ಲ. ಅದು ಕಳೆದುಹೋಗಿದ್ದರೆ ಈ ಎರಡನೆಯ ಹಂತದಲ್ಲಿ ಖಂಡಿತ ಸಿಕ್ಕಿಬೀಳುತ್ತದೆ.