ಬೇಲೂರಿನ ತೇರಬೀದಿಗೆ ಎಷ್ಟು ಬಸ್ ಹಿಡಿಸುತ್ತೆ?

ಬೇಲೂರಿಗೆ ಹೋಗಿದ್ದೀರಾ?
ಗೋಪುರಕ್ಕಿಂತ ಮೊದಲು ಕಣ್ಣಿಗೆ ಬಿದ್ದಿದ್ದು ಏನು?
ಸಾಲುಗಟ್ಟಿ ನಿಂತ ಬಸ್ಸು, ಅಲ್ವಾ?

ಚೆನ್ನಕೇಶವನ ಪ್ರತಿಷ್ಠೆ ಆಗಿದ್ದು 1117ರಲ್ಲಿ.
ಊರು ಬೆಳೆದದ್ದು ಆ ಗುಡಿಯ ಸುತ್ತ.
ಬೀದಿ ಇದ್ದದ್ದು ತೇರು ಎಳೆಯೋಕೆ, ಜನ ನಡೆಯೋಕೆ.
ಈಗ ಅಲ್ಲಿಗೆ ಬರೋದು
ಸುಮಾರು 12 ಮೀಟರ್ ಉದ್ದದ ಟೂರಿಸ್ಟ್ ಬಸ್!

2023ರಲ್ಲಿ ಈ ಗುಡಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೂ ಸೇರಿತು,
ಹಳೇಬೀಡು, ಸೋಮನಾಥಪುರದ ಜೊತೆ.
ನಮಗೆಲ್ಲ ಹೆಮ್ಮೆ.
ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಬೀದಿ ಅಗಲ ಆಗಲ್ಲ.

ಡಿಸೆಂಬರ್ ಬಂತು ಅಂದ್ರೆ ಶಾಲಾ ಪ್ರವಾಸ.
ಎಲ್ಲರದ್ದೂ ಅದೇ ರೂಟು,
ಹೆಚ್ಚುಕಮ್ಮಿ ಅದೇ ಟೈಮು.
ಕೊಡದ ಬಾಯಿಗೆ ಬಕೆಟ್ ನೀರು ದಬಕ್ಕನೆ ಸುರಿದ ಹಾಗೆ!
ಕೊಡ ತುಂಬಲ್ಲ, ನೀರೆಲ್ಲ ಹೊರಗೆ.

ಒಂದು ಬಸ್ ರಿವರ್ಸ್ ತಗೊಳ್ಳೋದು ನೋಡಿ.
ಕ್ಲೀನರ್ ಹಿಂದೆ ನಿಂತು ಬಸ್ ತಟ್ತಾನೆ,
"ಬರ್ಲಿ... ಬರ್ಲಿ... ಹೋಲ್ಡಾನ್!"
ಹೂವಿನವರು ಬುಟ್ಟಿ ಎತ್ತಿಕೊಂಡು ಹಿಂದೆ ಸರೀತಾರೆ.
ಮಕ್ಕಳು ಒಬ್ಬರ ಅಂಗಿ ಇನ್ನೊಬ್ಬರು ಹಿಡಿದು ನಿಂತಿರ್ತಾರೆ.
ಎಸಿ ಬೇಕು ಅಂತ ಇಂಜಿನ್ ಆಫ್ ಮಾಡಲ್ಲ,
ಆ ಹೊಗೆ ಆ ಮಕ್ಕಳ ಮುಖಕ್ಕೇ.

ದಾರಿ ಇಲ್ವಾ? ಇದೆ.
ಆಸ್ಟ್ರಿಯಾದ ಹಾಲ್‌ಸ್ಟಾಟ್ ಕೇಳಿದ್ದೀರಾ?
ಸಾವಿರ ಜನವೂ ಇಲ್ಲದ ಹಳೇ ಊರು.
ಅಲ್ಲಿಗೆ ಟೂರಿಸ್ಟ್ ಬಸ್ ಬರಬೇಕಾದ್ರೆ
ಮೊದಲೇ ಟೈಮ್ ಬುಕ್ ಮಾಡಬೇಕು.

ನಮ್ಮಲ್ಲೂ ಹೀಗೆ ಟೈಮ್ ಬುಕಿಂಗ್ ಬರಲೇಬೇಕು.
ಜೊತೆಗೆ ದೊಡ್ಡ ಬಸ್ ಊರಾಚೆ ನಿಲ್ಲಲಿ,
ನಡೆಯೋಕೆ ಆಗದವರಿಗೆ ಸಣ್ಣ ಗಾಡಿ ಇರಲಿ.

ಮೇಷ್ಟ್ರೇ, ಟೂರ್ ಮಾಡಿಸೋರೇ,
ಬಸ್ ನಿಲ್ದಾಣದಿಂದ ಗುಡಿಗೆ ನಡೆದೇ ಹೋಗಬಹುದು.
ಈ ಸಲ ಮಕ್ಕಳನ್ನ ದೂರದಲ್ಲೇ ಇಳಿಸಿ,
ನಡೆಸಿಕೊಂಡು ಬನ್ನಿ.