ಅಂಕಕ್ಕೆ ಲಕ್ಷ ಡಾಲರ್

ಅಮೆರಿಕದ ಇಲಿನಾಯ್ ರಾಜ್ಯದ ಡಿಕಾಲ್ಬ್‌ನಲ್ಲಿರುವ ನಾರ್ದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ 2024ರ ಸೆಪ್ಟೆಂಬರ್ 7ರ ಶನಿವಾರ ಪಕ್ಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ಗೆ ಹೋಗಿ ನೋಟರ್ ಡೇಮ್ ವಿರುದ್ಧ ಆಡಬೇಕಿತ್ತು. ಹೋಗಿ ಆಡಿದ್ದಕ್ಕೆ ಸಿಗುವ ಹಣ 14 ಲಕ್ಷ ಡಾಲರ್. ಡಾಲರಿಗೆ 84 ರೂಪಾಯಿಯಂತೆ ಹಿಡಿದರೆ 11 ಕೋಟಿ 76 ಲಕ್ಷ. ಬಾಜಿ ಪೇಟೆಯಲ್ಲಿ ಆ ವಾರ ಓಡಾಡುತ್ತಿದ್ದ ಅಂಕಿ 28. ನೋಟರ್ ಡೇಮ್ ಸುಮಾರು 28 ಅಂಕಗಳಿಂದ ಗೆಲ್ಲುತ್ತದೆ ಎಂದು ಅದರ ಅರ್ಥ. ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಈ ಆಟದಲ್ಲಿ ಒಂದು ಟಚ್‌ಡೌನ್‌ಗೆ 6 ಅಂಕ, ಅದರ ಬೆನ್ನಿಗೆ ಒದೆಯುವ ಚೆಂಡು ಕಂಬಗಳ ನಡುವೆ ಹಾದರೆ ಇನ್ನೊಂದು. ಲೆಕ್ಕ ಹಾಕಿದರೆ ನಾಲ್ಕು ಪೂರ್ತಿ ಟಚ್‌ಡೌನ್‌ಗಳ ಅಂತರ.

ಇಂತಹ ಪಂದ್ಯಕ್ಕೆ ಅಲ್ಲಿ ‘ಗ್ಯಾರಂಟಿ ಗೇಮ್’ ಎನ್ನುತ್ತಾರೆ. ದೊಡ್ಡ ವಿಶ್ವವಿದ್ಯಾಲಯ ಚಿಕ್ಕದನ್ನು ದುಡ್ಡು ಕೊಟ್ಟು ತನ್ನ ಅಂಗಳಕ್ಕೆ ಕರೆಸಿಕೊಳ್ಳುತ್ತದೆ. ಫಲಿತಾಂಶ ಏನೇ ಆಗಲಿ, ಮೊತ್ತ ಮೊದಲೇ ಗೊತ್ತಾಗಿರುತ್ತದೆ. ಮರುವರ್ಷ ತಾನು ಚಿಕ್ಕವರ ಊರಿಗೆ ಹೋಗಿ ಆಡುವ ಋಣ ದೊಡ್ಡವರ ಮೇಲಿರುವುದಿಲ್ಲ. ಕೊಡುವವರಿಗೆ ಇದು ದಾನವಂತೂ ಅಲ್ಲ. ನೋಟರ್ ಡೇಮ್ ಕ್ರೀಡಾಂಗಣದಲ್ಲಿ 77,622 ಆಸನಗಳಿವೆ, ಅಂದರೆ ಸುಮಾರು ಎರಡು ಚಿನ್ನಸ್ವಾಮಿ. ತಲೆಗೆ 50 ಡಾಲರ್ ಎಂದು ಕೈಬಿಗಿ ಹಿಡಿದು ಲೆಕ್ಕ ಹಾಕಿದರೂ ಟಿಕೆಟ್ಟಿನಿಂದಲೇ 38 ಲಕ್ಷ 81 ಸಾವಿರ ಡಾಲರ್ ಬರುತ್ತದೆ. ಅತಿಥಿಯ 14 ಲಕ್ಷ ಕಳೆದರೆ ಸುಮಾರು 25 ಲಕ್ಷ ಉಳಿಯಿತು. ಟಿವಿ ಹಣ, ಪಾರ್ಕಿಂಗ್, ತಿಂಡಿ, ಟೀ ಶರ್ಟು ಈ ಲೆಕ್ಕದಲ್ಲಿ ಇಲ್ಲ. ಇದಕ್ಕೆಲ್ಲ ಮೇಲೆ, ಪಟ್ಟಿಗೆ ಸೇರುವ ಒಂದು ಸುಲಭದ ಗೆಲುವು. ಹದಿನಾಲ್ಕು ಲಕ್ಷದಲ್ಲಿ ದೊಡ್ಡವರು ನಿಜಕ್ಕೂ ಕೊಳ್ಳುತ್ತಿದ್ದದ್ದು ಆ ಗೆಲುವನ್ನೇ, ಎನ್ನುವುದು ನನ್ನ ಎಣಿಕೆ.

ವಿದ್ಯಾರ್ಥಿಗಳ ಸಂಖ್ಯೆಯಲ್ಲಿ ಈ ‘ಚಿಕ್ಕ’ ಸಂಸ್ಥೆಯೇ ದೊಡ್ಡದು ಎಂಬುದು ತಮಾಷೆ. ಸರ್ಕಾರಿ ವಿಶ್ವವಿದ್ಯಾಲಯವಾದ ನಾರ್ದರ್ನ್ ಇಲಿನಾಯ್‌ನಲ್ಲಿ 15 ಸಾವಿರಕ್ಕೂ ಹೆಚ್ಚು ಮಂದಿ ಓದುತ್ತಾರೆ, ನೋಟರ್ ಡೇಮ್‌ನಲ್ಲಿ ಸುಮಾರು 13 ಸಾವಿರ. ವ್ಯತ್ಯಾಸ ಇರುವುದು ತಿಜೋರಿಯಲ್ಲಿ. ನೋಟರ್ ಡೇಮ್‌ನ ದತ್ತಿನಿಧಿ 1,600 ಕೋಟಿ ಡಾಲರಿಗೂ ಮೇಲೆ. ಅದರ ಮುಂದೆ 14 ಲಕ್ಷ ಎಂದರೆ ಹನ್ನೊಂದು ಸಾವಿರದಲ್ಲಿ ಒಂದು ಪಾಲೂ ಆಗದು. ಆದರೂ ಆ ಋತುವಿನವರೆಗಿನ ನಿಯಮದ ಪ್ರಕಾರ ಎರಡೂ ತಂಡಗಳು ಕೊಡಬಹುದಾಗಿದ್ದ ವಿದ್ಯಾರ್ಥಿವೇತನಗಳ ಮಿತಿ ಒಂದೇ, ತಲಾ 85. ಚಿಕ್ಕ ತಂಡದ ಅಭಿಮಾನಿ ಕೈಯಿಟ್ಟು ನಿಲ್ಲಬಹುದಾದ ಮೊದಲ ಕಂಬ ಇದು.

ಇನ್ನು ಅಭಿಮಾನಿಯ ಸ್ವಂತ ಖರ್ಚು. ಡಿಕಾಲ್ಬ್‌ನಿಂದ ಸೌತ್ ಬೆಂಡ್‌ಗೆ ಶಿಕಾಗೋ ದಾಟಿಕೊಂಡು ಸುಮಾರು 150 ಮೈಲಿ, ಅಂದರೆ 240 ಕಿಲೋಮೀಟರ್. ಹೋಗಿಬರಲು 300 ಮೈಲಿ. ಗ್ಯಾಲನ್‌ಗೆ 25 ಮೈಲಿ ಕೊಡುವ ಕಾರಿಗೆ 12 ಗ್ಯಾಲನ್ ಪೆಟ್ರೋಲ್ ಬೇಕು. ಆ ತಿಂಗಳ ಸರಾಸರಿ ದರ 3 ಡಾಲರ್ 30 ಸೆಂಟ್ ಆಸುಪಾಸಿನಲ್ಲಿತ್ತು, ಒಟ್ಟು 40 ಡಾಲರ್. ನಾಲ್ಕು ಜನ ಹಂಚಿಕೊಂಡರೆ ತಲೆಗೆ 10, ನಮ್ಮ ಹಣದಲ್ಲಿ 840 ರೂಪಾಯಿ. ಇಂಡಿಯಾನಾದ ಟೋಲ್, ಪಾರ್ಕಿಂಗ್, ಕಾರಿನ ಡಿಕ್ಕಿ ತೆರೆದು ಒಲೆ ಹಚ್ಚಿ ಸುಡುವ ಸಾಸೇಜು, ಬಿಯರು ಬೇರೆ. ಇನ್ನೊಂದು ಖರ್ಚು ಕೈಗಡಿಯಾರದ್ದು. ಸೌತ್ ಬೆಂಡ್‌ನ ಗಡಿಯಾರ ಡಿಕಾಲ್ಬ್‌ಗಿಂತ ಒಂದು ಗಂಟೆ ಮುಂದೆ ಓಡುತ್ತದೆ. ಅಲ್ಲಿ ಮಧ್ಯಾಹ್ನ ಮೂರೂವರೆಗೆ ಶುರುವಾಗುವ ಆಟ ಡಿಕಾಲ್ಬ್‌ನವರಿಗೆ ಎರಡೂವರೆಯದು. ಒಲೆ ಹಚ್ಚಿ ಹರಟಲು ಸಮಯ ಸಿಗಬೇಕಾದರೆ ಬೆಳಗಿನ ತಿಂಡಿ ಮುಗಿಯುವ ಮೊದಲೇ ಹೊರಡಬೇಕು.

ಪರ ಊರಿಗೆ, ಅದೂ ಸೋಲು ನೋಡಲು, ಇಷ್ಟು ಖರ್ಚು ಮಾಡಿ ಯಾಕೆ ಹೋಗಬೇಕು? ಆ ವಾರದ ಅಂಕಿಗಳು ಧೈರ್ಯ ತುಂಬುವಂತಿರಲಿಲ್ಲ. ನೋಟರ್ ಡೇಮ್ ಹಿಂದಿನ ಶನಿವಾರವಷ್ಟೇ ಟೆಕ್ಸಸ್ ಎ ಅಂಡ್ ಎಂ ತಂಡವನ್ನು ಅದರ ಅಂಗಳದಲ್ಲೇ 23-13ರಿಂದ ಸೋಲಿಸಿ ದೇಶದಲ್ಲಿ 5ನೇ ಸ್ಥಾನದಲ್ಲಿ ಕುಳಿತಿತ್ತು. ನಾರ್ದರ್ನ್ ಇಲಿನಾಯ್ ಅದೇ ದಿನ 54-15ರಿಂದ ಗೆದ್ದಿದ್ದೇನೋ ನಿಜ. ಆದರೆ ಸೋತದ್ದು ವೆಸ್ಟರ್ನ್ ಇಲಿನಾಯ್, 2022 ಮತ್ತು 2023ರ ಎರಡೂ ಋತುಗಳಲ್ಲಿ ಆಡಿದ 22 ಪಂದ್ಯಗಳಲ್ಲಿ 22ನ್ನೂ ಸೋತ ತಂಡ. ಅಂತಹ ಗೆಲುವನ್ನು ಹಿಡಿದುಕೊಂಡು ಯಾರೂ ಬೀಗಲಾರರು. ಅಭಿಮಾನಿಯ ಬಳಿ ಇದ್ದ ನಿಜವಾದ ದಾಖಲೆ ಬೇರೆ: 2017ರಲ್ಲಿ ನೆಬ್ರಾಸ್ಕಾದಲ್ಲಿ 21-17, 2021ರಲ್ಲಿ ಜಾರ್ಜಿಯಾ ಟೆಕ್ ಮೇಲೆ 22-21, 2023ರಲ್ಲಿ ಬಾಸ್ಟನ್ ಕಾಲೇಜ್ ಮೇಲೆ ಹೆಚ್ಚುವರಿ ಅವಧಿಯಲ್ಲಿ 27-24. ಮೂರೂ ದೊಡ್ಡ ತಂಡಗಳು, ಮೂರೂ ಅವರವರ ಊರಿನಲ್ಲೇ. ಅಂತರ ನೋಡಿ: 4, 1, 3.

ಇಲ್ಲಿ ಸ್ವಲ್ಪ ಗಣಿತ ಬೇಕು. ಬಾಜಿ ಪೇಟೆಯ ಅಂದಾಜಿಗೂ ನಿಜವಾದ ಫಲಿತಾಂಶಕ್ಕೂ ಇರುವ ವ್ಯತ್ಯಾಸ ಗಂಟೆಯಾಕಾರದ ರೇಖೆಯಂತೆ ಹರಡಿಕೊಳ್ಳುತ್ತದೆ. ವೃತ್ತಿಪರ ಫುಟ್‌ಬಾಲ್‌ನಲ್ಲಿ ಆ ಹರವು, ಅಂದರೆ ಪ್ರಮಾಣ ವಿಚಲನೆ, ಸುಮಾರು 14 ಅಂಕ. ಕಾಲೇಜು ಹುಡುಗರ ಆಟ ಇನ್ನೂ ಏರುಪೇರಿನದು, 16 ಎಂದು ಹಿಡಿಯೋಣ. ಆಗ 28 ಅಂಕ ಹಿಂದಿರುವ ತಂಡ ಗೆಲ್ಲುವ ಸಾಧ್ಯತೆ ನೂರಕ್ಕೆ 4. ಇದು ತೀರ ಉದಾರದ ಲೆಕ್ಕ ಎನ್ನುವವರಿಗಾಗಿ ಅರ್ಧ ಮಾಡಿ 2ಕ್ಕೆ ಇಳಿಸೋಣ. ವರ್ಷಕ್ಕೆ ಇಂತಹ ಒಂದು ಪಂದ್ಯ ಆಡುವ ತಂಡದ ಅಭಿಮಾನಿ ಸರಾಸರಿ 50 ವರ್ಷ ಕಾಯಬೇಕು. ಮೊಮ್ಮಗನನ್ನು ಜೊತೆಗೆ ಕರೆದುಕೊಂಡು ಹೋಗುವಷ್ಟು ಕಾಲ.

ಅದೇ ಅಂಕಿಯನ್ನು ಇಡೀ ದೇಶಕ್ಕೆ ಹಚ್ಚಿ ನೋಡಿದರೆ ಚಿತ್ರ ಬದಲಾಗುತ್ತದೆ. ಇಷ್ಟೇ ಏರುಪೇರಿನ 50 ಪಂದ್ಯಗಳು ಒಂದು ಋತುವಿನಲ್ಲಿ ನಡೆದರೆ, ಕನಿಷ್ಠ ಒಂದರಲ್ಲಾದರೂ ಚಿಕ್ಕವರು ಗೆಲ್ಲುವ ಸಾಧ್ಯತೆ ನೂರಕ್ಕೆ 64. ಮೂರು ಋತು ಸೇರಿಸಿದರೆ ನೂರಕ್ಕೆ 95. ಎಲ್ಲೋ ಒಂದು ಕಡೆ ಆಗಿಯೇ ತೀರುತ್ತದೆ, ಎಲ್ಲಿ ಎಂಬುದಷ್ಟೇ ಗೊತ್ತಿರುವುದಿಲ್ಲ. ಕಾರಿಗೆ ಪೆಟ್ರೋಲ್ ತುಂಬಿಸುವ ಅಭಿಮಾನಿಯನ್ನು ಹುಚ್ಚ ಎನ್ನುವವರು ಮೊದಲ ಲೆಕ್ಕ ಮಾತ್ರ ಮಾಡಿರುತ್ತಾರೆ. ಆತ ಎರಡನೆಯದನ್ನೂ ಮಾಡಿದ್ದಾನೆ, ಕಾಗದದ ಮೇಲೆ ಅಲ್ಲದಿದ್ದರೂ.

ಹಾಗೆ ಆಗಿಯೇ ತೀರಿದ ದಿನಗಳಲ್ಲಿ ಹೆಸರಾದದ್ದು 2007ರ ಸೆಪ್ಟೆಂಬರ್ 1. ನಾರ್ತ್ ಕ್ಯಾರೊಲಿನಾದ ಬೆಟ್ಟದ ಊರು ಬೂನ್‌ನ ಅಪಲಾಚಿಯನ್ ಸ್ಟೇಟ್ ತಂಡ 4 ಲಕ್ಷ ಡಾಲರ್ ಪಡೆದು ಮಿಷಿಗನ್‌ಗೆ ಹೋಗಿತ್ತು. ಅದು ಒಂದು ದರ್ಜೆ ಕೆಳಗಿನ ವಿಭಾಗದ ತಂಡ, ವಿದ್ಯಾರ್ಥಿವೇತನಗಳ ಮಿತಿ 85ರ ಬದಲು 63. ಎದುರಿಗಿದ್ದದ್ದು ದೇಶದ 5ನೇ ತಂಡ. ಸೇರಿದ್ದ ಜನ 1,09,218. ಬೂನ್‌ನ ಜನಸಂಖ್ಯೆ 2010ರ ಜನಗಣತಿಯಲ್ಲಿ 17,122. ಆರು ಬೂನ್‌ಗಳು ಕೂತು ನೋಡುತ್ತಿದ್ದವು ಎಂದುಕೊಳ್ಳಿ. ಅಪಲಾಚಿಯನ್ ಸ್ಟೇಟ್ 34-32ರಿಂದ ಮುಂದಿದ್ದಾಗ, ಕೊನೆಯ ಕ್ಷಣಗಳಲ್ಲಿ ಮಿಷಿಗನ್ ಕಂಬಗಳ ನಡುವೆ ಹಾಯಿಸಲು ಒದ್ದ 37 ಗಜದ ಫೀಲ್ಡ್ ಗೋಲನ್ನು ಅತಿಥಿಗಳ ಕೋರಿ ಲಿಂಚ್ ಅಡ್ಡಹಾರಿ ತಡೆದ. ಊರಿನಲ್ಲಿದ್ದ ವಿದ್ಯಾರ್ಥಿಗಳು ತಮ್ಮದೇ ಮೈದಾನದ ಗೋಲ್ ಕಂಬವನ್ನು ಕಿತ್ತು ಕುಲಪತಿಗಳ ಮನೆಗೆ ಹೊತ್ತೊಯ್ದರು.

ಆ ಗೆಲುವು ಬೆಲೆಪಟ್ಟಿಯನ್ನು ಎಲ್ಲಿಗೆ ಒಯ್ದಿತು ಎಂದು ಹುಡುಕಬೇಕಿಲ್ಲ. 2014ರಲ್ಲಿ ಮಿಷಿಗನ್ ಅದೇ ತಂಡವನ್ನು ಮತ್ತೆ ಕರೆಸಿತು, ಈ ಸಲ 10 ಲಕ್ಷ ಡಾಲರಿಗೆ. 52-14ರಿಂದ ಬಡಿದು ಕಳಿಸಿತು ಕೂಡ. ಎಂಟು ವರ್ಷದ ನಂತರ ಟೆಕ್ಸಸ್ ಎ ಅಂಡ್ ಎಂ ಕೊಟ್ಟದ್ದು 15 ಲಕ್ಷ. 2007ರಿಂದ 2022ರವರೆಗೆ ಅಮೆರಿಕದ ಸಾಮಾನ್ಯ ಬೆಲೆಗಳು ಒಂದೂವರೆ ಪಟ್ಟೂ ಆಗಲಿಲ್ಲ, ಈ ತಂಡದ ದರ 3.75 ಪಟ್ಟಾಯಿತು. ನಡುವೆ ಅದು ಮೇಲಿನ ವಿಭಾಗಕ್ಕೆ ಬಡ್ತಿ ಪಡೆದಿತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆ 15 ಲಕ್ಷದ ಪಂದ್ಯ ನಡೆದದ್ದು 2022ರ ಸೆಪ್ಟೆಂಬರ್ 10ರಂದು. 6ನೇ ಸ್ಥಾನದ ಟೆಕ್ಸಸ್ ಎ ಅಂಡ್ ಎಂ 14-17ರಿಂದ ಸೋತಿತು. ಅದೇ ದಿನ ಮಾರ್ಷಲ್ ವಿಶ್ವವಿದ್ಯಾಲಯ 12.5 ಲಕ್ಷ ಪಡೆದು ಇದೇ ನೋಟರ್ ಡೇಮನ್ನು 26-21ರಿಂದ ಸೋಲಿಸಿತು. ಜಾರ್ಜಿಯಾ ಸದರ್ನ್ 14.23 ಲಕ್ಷ ಪಡೆದು ನೆಬ್ರಾಸ್ಕಾವನ್ನು 45-42ರಿಂದ ಕೆಡವಿತು. ಒಂದೇ ಒಕ್ಕೂಟದ ಮೂರು ತಂಡಗಳು ಒಂದೇ ಶನಿವಾರ ಒಟ್ಟು 41 ಲಕ್ಷ 73 ಸಾವಿರ ಡಾಲರನ್ನು ಆತಿಥೇಯರಿಂದ ಪಡೆದು, ಗೆಲುವನ್ನೂ ಹೊತ್ತು ಮನೆಗೆ ಬಂದವು. ನೆಬ್ರಾಸ್ಕಾದ ಬಿಲ್ಲು ಅಲ್ಲಿಗೆ ಮುಗಿಯಲಿಲ್ಲ. ಮರುದಿನ ತರಬೇತುದಾರ ಸ್ಕಾಟ್ ಫ್ರಾಸ್ಟ್‌ರನ್ನು ಮನೆಗೆ ಕಳಿಸಿದ್ದಕ್ಕೆ ಕೊಡಬೇಕಾದ ಪರಿಹಾರ 1.5 ಕೋಟಿ ಡಾಲರ್. ಅಕ್ಟೋಬರ್ 1ರವರೆಗೆ ತಡೆದುಕೊಂಡಿದ್ದರೆ ಅದು 75 ಲಕ್ಷಕ್ಕೆ ಇಳಿಯುತ್ತಿತ್ತು. ಇಪ್ಪತ್ತು ದಿನದ ಅಸಹನೆಗೆ ದಿನಕ್ಕೆ 3 ಲಕ್ಷ 75 ಸಾವಿರ ಡಾಲರ್!

ಸೋತವರ ಲೆಕ್ಕವನ್ನೂ ನೋಡದಿದ್ದರೆ ವರದಿ ಏಕಪಕ್ಷೀಯವಾಗುತ್ತದೆ. ಈ ಪಂದ್ಯಗಳಿಗೆ ನಾನೊಂದು ಅಳತೆಗೋಲು ಮಾಡಿಕೊಂಡಿದ್ದೇನೆ: ಅತಿಥಿ ತಂಡ ಬಿಟ್ಟುಕೊಟ್ಟ ಪ್ರತಿ ಅಂಕಕ್ಕೆ ಸಿಕ್ಕ ಡಾಲರ್. 1916ರ ಅಕ್ಟೋಬರ್ 7ರಂದು ಅಟ್ಲಾಂಟಾದಲ್ಲಿ ಜಾರ್ಜಿಯಾ ಟೆಕ್ ವಿರುದ್ಧ ಆಡಿದ ಕಂಬರ್ಲೆಂಡ್ ಕಾಲೇಜಿಗೆ ಸಿಕ್ಕದ್ದು 500 ಡಾಲರ್. ಫುಟ್‌ಬಾಲ್ ನಿಲ್ಲಿಸಿಬಿಟ್ಟಿದ್ದ ಆ ಕಾಲೇಜು, ಬರದಿದ್ದರೆ 3,000 ಡಾಲರ್ ದಂಡ ಎಂಬ ಹೆದರಿಕೆಗೆ ಸಿಕ್ಕಿದವರನ್ನು ಸೇರಿಸಿಕೊಂಡು ರೈಲು ಹತ್ತಿತ್ತು. ಸೋತದ್ದು 222-0ರಿಂದ. ಅಂಕಕ್ಕೆ 2 ಡಾಲರ್ 25 ಸೆಂಟ್. 2012ರಲ್ಲಿ ಸವಾನಾ ಸ್ಟೇಟ್ ಸತತ ಎರಡು ಶನಿವಾರ ಒಕ್ಲಹೋಮಾ ಸ್ಟೇಟ್‌ಗೆ 84-0, ಫ್ಲೋರಿಡಾ ಸ್ಟೇಟ್‌ಗೆ 55-0ರಿಂದ ಸೋತಿತು. ಎರಡನೆಯದರಲ್ಲಿ ಬಾಜಿ ಪೇಟೆಯ ಅಂದಾಜು 70 ಅಂಕವನ್ನೂ ದಾಟಿತ್ತು, ಗುಡುಗು ಮಳೆ ಬಂದು ಆಟ ಮೂರನೇ ಭಾಗದಲ್ಲೇ ನಿಂತದ್ದು ಪುಣ್ಯ. ಒಟ್ಟು ಸಿಕ್ಕದ್ದು 8 ಲಕ್ಷ 60 ಸಾವಿರ, ಅಂಕಕ್ಕೆ 6,187 ಡಾಲರ್. 2022ರಲ್ಲಿ ಕೆಂಟ್ ಸ್ಟೇಟ್ ಒಂದೇ ಋತುವಿನಲ್ಲಿ ವಾಷಿಂಗ್ಟನ್, ಒಕ್ಲಹೋಮಾ, ಜಾರ್ಜಿಯಾಗಳಿಗೆ ಹೋಗಿ ಸೋತು ಸುಮಾರು 52 ಲಕ್ಷ ಡಾಲರ್ ತಂದಿತು. 117 ಅಂಕ ಕೊಟ್ಟಿತು, ಅಂಕಕ್ಕೆ 44 ಸಾವಿರ. ಹಣಕಾಸು ವಿಭಾಗ ನಗುತ್ತದೆ. ಮೂರು ವಾರ ಏಟು ತಿಂದ ಹುಡುಗರ ಮೊಣಕಾಲು, ಭುಜಗಳಿಗೆ ಈ ಪಟ್ಟಿಯಲ್ಲಿ ಕಾಲಮ್ಮೇ ಇಲ್ಲ. ಈ ವ್ಯವಹಾರದಲ್ಲಿ ನನಗೆ ಒಗ್ಗದ ಸಂಗತಿ ಇದೊಂದೇ.

ಸೌತ್ ಬೆಂಡ್‌ಗೆ ಬರೋಣ. ನೋಟರ್ ಡೇಮ್ ಮೊದಲು ಮುನ್ನಡೆ ಪಡೆಯಿತು. ಅತಿಥಿಗಳ ಆಂಟಾರಿಯೊ ಬ್ರೌನ್ ಪಾಸ್ ಹಿಡಿದು 83 ಗಜ ಓಡಿ ಸರಿದೂಗಿಸಿದ. ಕೊನೆಗೆ 31 ಸೆಕೆಂಡ್ ಉಳಿದಿರುವಾಗ ಕೇನನ್ ವುಡಿಯಲ್ ಒದ್ದ 35 ಗಜದ ಫೀಲ್ಡ್ ಗೋಲ್‌ನಿಂದ 16-14. ನೋಟರ್ ಡೇಮ್‌ನ ಕಡೆಯ 62 ಗಜದ ಒದೆತವನ್ನು ಅತಿಥಿಗಳು ಕೈಚಾಚಿ ತಡೆದರು. ಒಂದು ಕಾಲಕ್ಕೆ ನಾರ್ದರ್ನ್ ಇಲಿನಾಯ್‌ಗೇ ಆಡಿದ್ದ ಅದರ ತರಬೇತುದಾರ ಥಾಮಸ್ ಹ್ಯಾಮಕ್ ಟಿವಿ ಕ್ಯಾಮೆರಾದ ಮುಂದೆ ಅತ್ತರು. ಬಿಟ್ಟುಕೊಟ್ಟದ್ದು 14 ಅಂಕ, ಸಿಕ್ಕದ್ದು 14 ಲಕ್ಷ, ಅಂದರೆ ಅಂಕಕ್ಕೆ ಸರಿಯಾಗಿ 1 ಲಕ್ಷ ಡಾಲರ್. ನನ್ನ ಪಟ್ಟಿಯಲ್ಲಿ ಎರಡನೇ ಸ್ಥಾನ, 15 ಲಕ್ಷಕ್ಕೆ ಅಷ್ಟೇ ಅಂಕ ಬಿಟ್ಟುಕೊಟ್ಟ ಅಪಲಾಚಿಯನ್ ಸ್ಟೇಟ್‌ನ ಹಿಂದೆ.

ಮುಂದಿನ ಲೆಕ್ಕ ಅಷ್ಟು ಸಿಹಿಯಲ್ಲ. 25ನೇ ಸ್ಥಾನಕ್ಕೆ ಏರಿದ ನಾರ್ದರ್ನ್ ಇಲಿನಾಯ್, ಎರಡು ವಾರದ ಬಳಿಕ ತನ್ನದೇ ಮೈದಾನದಲ್ಲಿ ಬಫಲೊಗೆ ಹೆಚ್ಚುವರಿ ಅವಧಿಯಲ್ಲಿ 20-23ರಿಂದ ಸೋತಿತು. 18ಕ್ಕೆ ಕುಸಿದಿದ್ದ ನೋಟರ್ ಡೇಮ್ ಅಲ್ಲಿಂದ ಗೆಲ್ಲುತ್ತಾ ಹೋಗಿ 2025ರ ಜನವರಿ 20ರ ರಾಷ್ಟ್ರೀಯ ಫೈನಲ್ ತಲುಪಿತು. ಅಲ್ಲಿ ಒಹಾಯೊ ಸ್ಟೇಟ್‌ಗೆ 23-34ರಿಂದ ಸೋತರೂ, ಪ್ಲೇಆಫ್ ಅರ್ಹತೆಗೆ 40 ಲಕ್ಷ, ಕ್ವಾರ್ಟರ್ ಫೈನಲ್‌ಗೆ 40, ಸೆಮಿಫೈನಲ್‌ಗೆ 60, ಫೈನಲ್‌ಗೆ 60, ಒಟ್ಟು 2 ಕೋಟಿ ಡಾಲರ್ ಜೇಬಿಗಿಳಿಸಿತು. ಫುಟ್‌ಬಾಲ್‌ನಲ್ಲಿ ಯಾವ ಒಕ್ಕೂಟಕ್ಕೂ ಸೇರದ ಕಾರಣ ಅದನ್ನು ಯಾರೊಂದಿಗೂ ಹಂಚಿಕೊಳ್ಳಬೇಕಿರಲಿಲ್ಲ. ಗೆದ್ದವರು ಒಯ್ದದ್ದರ 14 ಪಟ್ಟಿಗೂ ಹೆಚ್ಚನ್ನು ಸೋತವರು ಗಳಿಸಿದರು. 2025ರ ಜುಲೈಯಿಂದ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷದ ಮಿತಿ 2.05 ಕೋಟಿ ಡಾಲರ್. ಮಿತಿಯವರೆಗೆ ಕೊಡಬಲ್ಲವರು ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ಒಂದು ಗ್ಯಾರಂಟಿ ಪಂದ್ಯದ 14 ಲಕ್ಷ ಅದರ ನೂರಕ್ಕೆ 7ರಷ್ಟೂ ಆಗದು. ಇನ್ನು ಮುಂದಿನ ವರ್ಷಗಳಲ್ಲಿ ಆ 28 ಎಂಬ ಅಂಕಿ 35ರತ್ತ ಜರುಗಿದರೆ ಆಶ್ಚರ್ಯವಿಲ್ಲ. 16ರ ಹರವಿನ ಅದೇ ಕೈಲೆಕ್ಕದಲ್ಲಿ 35 ಅಂಕ ಹಿಂದಿರುವ ತಂಡದ ಸಾಧ್ಯತೆ ನೂರಕ್ಕೆ ಒಂದೂವರೆಗೂ ಕಡಿಮೆ.

ಡಿಕಾಲ್ಬ್‌ನ ಅಭಿಮಾನಿಗಳ ಪೆಟ್ರೋಲ್ ಲೆಕ್ಕವೂ ಇದರ ಜೊತೆಗೇ ಬದಲಾಗಲಿದೆ. ಅವರ ತಂಡ 2026ರಿಂದ ಮೌಂಟನ್ ವೆಸ್ಟ್ ಒಕ್ಕೂಟದಲ್ಲಿ ಆಡಲು ಒಪ್ಪಿಕೊಂಡಿದೆ. ಅಲ್ಲಿ ವಯೋಮಿಂಗ್ ಇದೆ, ನೆವಾಡಾ ಇದೆ, ಹವಾಯಿಯೂ ಇದೆ. ಶಿಕಾಗೋದಿಂದ ಹೊನೊಲುಲುವಿಗೆ ವಿಮಾನದಲ್ಲಿ ಸುಮಾರು 6,800 ಕಿಲೋಮೀಟರ್, ಒಂದೇ ಕಡೆಗೆ. ನಾಲ್ವರು ಕಾರಿನಲ್ಲಿ ಕೂತು ತಲೆಗೆ ಹತ್ತು ಡಾಲರ್ ಹಂಚಿಕೊಳ್ಳುವ ದಾರಿ ಅದಲ್ಲ.