ಪದವಿ ಕಾಲೇಜುಗಳ ವೇಳಾಪಟ್ಟಿ ಹಾಗೂ ವಿದ್ಯಾರ್ಥಿಗಳ ವ್ಯಾಸಂಗ

ರಾಜ್ಯದಲ್ಲಿ 2024-25ನೇ ಶೈಕ್ಷಣಿಕ ಸಾಲಿನಿಂದ ಸಾಮಾನ್ಯ ಪದವಿಯು ಮರಳಿ ಮೂರು ವರ್ಷಗಳ, ಅಂದರೆ ಆರು ಸೆಮಿಸ್ಟರ್‌ಗಳ ಅವಧಿಯದಾಗಿರುತ್ತದೆ. ಈ ಅವಧಿಯೊಳಗೆ ಪದವಿ ಪೂರೈಸುವುದು ವಿದ್ಯಾರ್ಥಿಯ ಪರಿಶ್ರಮವನ್ನು ಮಾತ್ರವಲ್ಲದೆ, ಪ್ರಾಂಶುಪಾಲರು ಹಾಗೂ ವಿಭಾಗ ಮುಖ್ಯಸ್ಥರು ಸಿದ್ಧಪಡಿಸುವ ವೇಳಾಪಟ್ಟಿಯನ್ನೂ ಅವಲಂಬಿಸಿದೆ.

ಇತಿಹಾಸ ಮತ್ತು ಅರ್ಥಶಾಸ್ತ್ರದ ತರಗತಿಗಳು ಏಕಕಾಲಕ್ಕೆ ಬಂದಲ್ಲಿ ಆ ಎರಡು ವಿಷಯಗಳನ್ನು ಒಟ್ಟಿಗೆ ಆಯ್ದುಕೊಳ್ಳಲು ಸಾಧ್ಯವಾಗದು. ಭಾಷಾ ತರಗತಿಗಳದ್ದು ಇನ್ನೂ ತೊಡಕಿನ ಕೆಲಸ. ಕನ್ನಡ, ಹಿಂದಿ, ಸಂಸ್ಕೃತ, ಉರ್ದು ತರಗತಿಗಳನ್ನು ಒಂದೇ ಅವಧಿಯಲ್ಲಿ ನಡೆಸಲು ಅಷ್ಟೇ ಸಂಖ್ಯೆಯ ಕೊಠಡಿಗಳು ಬೇಕಾಗುತ್ತವೆ.

ಗ್ರಾಮಾಂತರ ಪ್ರದೇಶದಿಂದ ಬರುವವರ ವಿಷಯದಲ್ಲಿ ಬಸ್ಸಿನ ವೇಳೆಯೇ ಪ್ರಧಾನವಾದುದು. ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಪ್ರತಿ ವಿಷಯದಲ್ಲಿ ಶೇ. 75ರಷ್ಟು ಹಾಜರಾತಿಯನ್ನು ಕಡ್ಡಾಯಗೊಳಿಸಿವೆ. ವಾರಕ್ಕೆ 4 ತರಗತಿಗಳಿರುವ ವಿಷಯವೊಂದರ 2 ತರಗತಿಗಳು ಬೆಳಗಿನ ಮೊದಲ ಅವಧಿಯಲ್ಲಿದ್ದು, ಬಸ್ಸು ತಡವಾಗಿ ಬರುವುದಾದಲ್ಲಿ, ಹಾಜರಾತಿ ಶೇ. 50ಕ್ಕೆ ಇಳಿದು ಪರೀಕ್ಷೆಗೆ ಕೂರುವ ಅರ್ಹತೆಯೇ ತಪ್ಪುತ್ತದೆ. ಇದನ್ನು ವಿದ್ಯಾರ್ಥಿಯ ನಿರಾಸಕ್ತಿ ಎನ್ನಲಾಗದು. ಮೊದಲ ಅವಧಿಯನ್ನು ದಿನಕ್ಕೊಂದು ವಿಷಯದಂತೆ ಹಂಚಿದಲ್ಲಿ ಪ್ರತಿ ವಿಷಯದಲ್ಲಿ ವಾರಕ್ಕೆ ಒಂದು ತರಗತಿ ಮಾತ್ರ ತಪ್ಪಿ, ಹಾಜರಾತಿ ಶೇ. 75ರಲ್ಲಿ ಉಳಿಯುತ್ತದೆ. ಅದು ಅಂಚಿನಲ್ಲಿರುವ ಪ್ರಮಾಣ, ನಿಜ. ಆದರೆ ಈ ಬದಲಾವಣೆಗೆ ಯಾವುದೇ ವೆಚ್ಚವಿಲ್ಲ.

ಅತಿಥಿ ಉಪನ್ಯಾಸಕರ ನಿಯೋಜನೆ ವಿಳಂಬವಾದಲ್ಲಿ ಉಳಿದ ಪಾಠಗಳನ್ನು ಸೆಮಿಸ್ಟರ್‌ನ ಕೊನೆಯಲ್ಲಿ ಒತ್ತೊತ್ತಾಗಿ ಮುಗಿಸಬೇಕಾಗುತ್ತದೆ. ಇದಕ್ಕೆ ಬಿಡುವಿನ ಅವಧಿಗಳನ್ನು ಮೊದಲೇ ಕಾಯ್ದಿರಿಸುವುದು ಉಚಿತ.

ಪ್ರವೇಶ ಬಯಸುವ ಅಭ್ಯರ್ಥಿಗಳು ವಿಷಯ ಸಂಯೋಜನೆಯನ್ನು ಆಯ್ದುಕೊಳ್ಳುವ ಮುನ್ನ ಕಾಲೇಜಿನ ವೇಳಾಪಟ್ಟಿಯನ್ನು ತಮ್ಮ ಊರಿನ ಬಸ್ಸಿನ ವೇಳೆಯೊಂದಿಗೆ ಹೋಲಿಸಿ ನೋಡತಕ್ಕದ್ದು. ತೊಂದರೆ ಕಂಡುಬಂದಲ್ಲಿ ಸೆಮಿಸ್ಟರ್‌ನ ಮೊದಲ ವಾರದಲ್ಲಿಯೇ ಪ್ರಾಂಶುಪಾಲರಿಗೆ ಲಿಖಿತ ಮನವಿ ಸಲ್ಲಿಸಬಹುದು. ಪರೀಕ್ಷಾ ಅರ್ಜಿಯ ಹೊತ್ತಿಗೆ ಕೊರತೆಯಾದ ಹಾಜರಾತಿಯನ್ನು ತುಂಬಿಕೊಳ್ಳಲು ದಿನಗಳೇ ಉಳಿದಿರುವುದಿಲ್ಲ.